ಒತ್ತಿ, ಕಾಯಿರಿ: ಜೆ.ಪಿ. ನಗರದಲ್ಲಿ ಪೋರ್ಷೆ 962ಸಿ ಓಡಿಸಿದ್ದು

ಹೋದ ಭಾನುವಾರ ಜೆ.ಪಿ. ನಗರದ ಒಂದು ರೇಸಿಂಗ್ ಸಿಮ್ಯುಲೇಟರ್ ಸೆಂಟರ್‌ಗೆ ಹೋಗಿದ್ದೆ. ಅರ್ಧ ಗಂಟೆಗೆ 700 ರೂಪಾಯಿ, ನಾನು ಒಂದು ಗಂಟೆ ತಗೊಂಡೆ. ಬರುವವರೆಲ್ಲ ಜಾಸ್ತಿ ಫಾರ್ಮುಲಾ 1 ಕಾರನ್ನೇ ಕೇಳುತ್ತಾರಂತೆ. ನಾನು ಕೇಳಿದ್ದು ಪೋರ್ಷೆ 962ಸಿ, ಟ್ರ್ಯಾಕ್ ಜರ್ಮನಿಯ ನಾರ್ಡ್‌ಶ್ಲೈಫ. "ಅಣ್ಣ, ಅದು ಸುಲಭಕ್ಕೆ ಬಗ್ಗೋ ಕಾರಲ್ಲ, ಬೂಸ್ಟ್ ಕಮ್ಮಿ ಇಟ್ಕೊಂಡು ಶುರು ಮಾಡಿ" ಅಂದ ಅಲ್ಲಿನ ಹುಡುಗ. ಬೂಸ್ಟ್ ಅಂದರೆ ಟರ್ಬೊ ಅನ್ನೋ ಪಂಪ್ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಸರಿಯಾಗೇ ಹೇಳಿದ್ದ.

ಗೇಮ್ ಅಸೆಟ್ಟೊ ಕೊರ್ಸಾ. 2014ರದ್ದು, ಆದರೂ ಹಳೇ ಕಾರುಗಳಿಗೆ ನನಗೆ ಈಗಲೂ ಇದೇ ಇಷ್ಟ.

962ಸಿ 80ರ ದಶಕದ ಗ್ರೂಪ್ ಸಿ ಕಾರು, ಅಂದರೆ ಗಂಟೆಗಟ್ಟಲೆ ನಡೆಯುವ ದೂರದ ರೇಸುಗಳ ಒಂದು ವರ್ಗದ್ದು. ಲ ಮಾನ್ 24 ಗಂಟೆ ರೇಸನ್ನು 1986 ಮತ್ತು 1987ರಲ್ಲಿ ಗೆದ್ದಿದ್ದು ಇದೇ. ಹಿಂದೆ ಆರು ಸಿಲಿಂಡರಿನ ಎಂಜಿನ್, ಅದಕ್ಕೆ ಎರಡು ಟರ್ಬೊ, ಶಕ್ತಿ 600 ಕುದುರೆಯ ಮೇಲೆ, ತೂಕ ನೋಡಿದರೆ ಸುಮಾರು 850 ಕಿಲೋ, ಅಂದರೆ ನಮ್ಮ ರಸ್ತೆಯ ಒಂದು ಸಣ್ಣ ಹ್ಯಾಚ್‌ಬ್ಯಾಕಿನಷ್ಟೇ!

ಟರ್ಬೊ ತಿರುಗುವುದು ಎಂಜಿನ್ ಬಿಡುವ ಹೊಗೆಯ ರಭಸದಿಂದ. ನೀವು ಆಕ್ಸಿಲರೇಟರ್ ಒತ್ತಿದಾಗ ಮೊದಲು ಹೊಗೆ ಹೆಚ್ಚಬೇಕು, ಆಮೇಲೆ ಟರ್ಬೊ ತಿರುಗಬೇಕು, ಆಮೇಲೆ ಎಂಜಿನ್ನಿಗೆ ಗಾಳಿ ತುಂಬಬೇಕು, ಅಷ್ಟಾದ ಮೇಲೇ ಪಿಕಪ್. ನಮ್ಮ ಮಾವನ ಹಳೇ ಟರ್ಬೊ ಡೀಸೆಲ್ ಜೀಪಿನಲ್ಲಿ ನಂದಿ ಬೆಟ್ಟ ಹತ್ತುವಾಗ ಇದನ್ನು ನೋಡಿದ್ದೆ. ತಿರುವು ಮುಗಿಯುವ ಮುಂಚೆಯೇ ಅವರು ಕಾಲು ಒತ್ತುತ್ತಿದ್ದರು, ಗಾಡಿ ನೇರವಾಗುವ ಹೊತ್ತಿಗೆ ಪಿಕಪ್ ಬಂದಿರುತ್ತಿತ್ತು. 962ರಲ್ಲೂ ಮಾಡಬೇಕಾದ್ದು ಅದೇ. ಬರುವ ಶಕ್ತಿ ಮಾತ್ರ ಎಷ್ಟೋ ಪಟ್ಟು ಜಾಸ್ತಿ.

ಈ ಟ್ರ್ಯಾಕಿನಲ್ಲಿ ಆರೆಂಬರ್ಗ್ ಅಂತ ಒಂದು ನಿಧಾನದ ಬಲ ತಿರುವಿದೆ, ಅದು ಮುಗಿದ ಕೂಡಲೇ ರಸ್ತೆ ಇಳಿಜಾರಿಗೆ ಬೀಳುತ್ತದೆ. ಮೊದಲ ಲ್ಯಾಪಿನಲ್ಲಿ ಅಲ್ಲಿ ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಬೂಸ್ಟ್ ಮೀಟರಿನ ಮುಳ್ಳು ಮೆಲ್ಲಗೆ ಎದ್ದಿತು, ಆಮೇಲೆ ಒಂದೇ ಸಲ ಮೇಲಕ್ಕೆ ಹೋಯಿತು, ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು, ಹಿಂದಿನ ಚಕ್ರ ಜಾರಿ ಕಾರು ಬೇಲಿಗೆ ಹೋಗಿ ನಿಂತಿತು. ನಾಲ್ಕನೇ ಲ್ಯಾಪಿಗೆ ವಿಷಯ ಅರ್ಥವಾಯಿತು: ಜೋರಾಗಿ ಒತ್ತುವುದಲ್ಲ, ಮುಂಚೆ ಒತ್ತುವುದು. ತಿರುವಿನ ಮಧ್ಯದಲ್ಲೇ ಸ್ವಲ್ಪ ಒತ್ತಿ ಹಿಡಿದು, ಶಕ್ತಿ ಬರುವ ಹೊತ್ತಿಗೆ ಸ್ಟೀರಿಂಗ್ ನೇರ ಮಾಡಿಕೊಳ್ಳಬೇಕು. ಅದು ಒಂದು ಸಲ ಸರಿಯಾಗಿ ಕೂಡಿ ಬಂದಾಗ ಆದ ಖುಷಿ ಈಗಿನ ಯಾವ ಕಾರಿನಲ್ಲೂ ನನಗೆ ಸಿಕ್ಕಿಲ್ಲ.

ಬೂಸ್ಟ್ ಕಮ್ಮಿ ಮಾಡುವುದು ಬರೀ ಹೊಸಬರಿಗೆ ಅಂದುಕೊಳ್ಳಬೇಡಿ. ಗ್ರೂಪ್ ಸಿ ರೇಸಿನಲ್ಲಿ ಪೆಟ್ರೋಲಿಗೆ ಲೆಕ್ಕ ಇತ್ತು. ಟ್ಯಾಂಕ್ 100 ಲೀಟರ್, ಆರಂಭದ ವರ್ಷಗಳಲ್ಲಿ 1000 ಕಿಲೋಮೀಟರಿಗೆ 600 ಲೀಟರ್ ಅಷ್ಟೆ. ಸುಮ್ನೆ ಬೂಸ್ಟ್ ಏರಿಸಿಕೊಂಡು ಓಡಿಸಿದರೆ ಕೊನೆಗೆ ಪೆಟ್ರೋಲ್ ಮುಗಿದು ರೇಸೇ ಹೋಗುತ್ತಿತ್ತು. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಅನ್ನೋದು ಆಗ ಡ್ರೈವರಿನ ಕೆಲಸ.

ಇನ್ನು ಸೆಂಟರ್ ವಿಷಯ. ಸ್ಟೀರಿಂಗ್ ತುಂಬಾ ಚೆನ್ನಾಗಿದೆ, ಕ್ಯಾರುಸೆಲ್ ತಿರುವಿನ ಕಾಂಕ್ರೀಟ್ ಗುಂಡಿಗೆ ಇಳಿದಾಗ ಒಂದೊಂದು ಜೋಡಣೆಯೂ ಮೊಣಕೈವರೆಗೆ ಗೊತ್ತಾಗುತ್ತದೆ. ಬ್ರೇಕ್ ಪೆಡಲ್ ಎಷ್ಟು ದೂರ ಹೋಯಿತು ಅಂತಲ್ಲ, ಎಷ್ಟು ಬಲ ಬಿತ್ತು ಅಂತ ಅಳೆಯುವಂಥದ್ದು, ಗಟ್ಟಿಯಾಗಿ ತುಳಿಯಬೇಕು. ಆದರೆ ಪೆಡಲ್ ಕೂರಿಸಿದ ತಟ್ಟೆಯ ಬೋಲ್ಟ್ ಸಡಿಲ ಇತ್ತು, ತುಳಿದಾಗಲೆಲ್ಲ ಇಡೀ ತಟ್ಟೆ ಮುಂದಕ್ಕೆ ಸರಿಯುತ್ತಿತ್ತು. ಹೇಳಿದ ಮೇಲೆ ಬಿಗಿ ಮಾಡಿದರು, ಹತ್ತು ನಿಮಿಷ ಹೋಯಿತು, ಆ ಹತ್ತು ನಿಮಿಷ ವಾಪಸ್ ಕೊಡಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರಾಯಿತು. ಗೇರ್ ಲಿವರ್ ಕೂಡ ಇಲ್ಲ, ಸ್ಟೀರಿಂಗ್ ಹಿಂದೆ ಬೆರಳಲ್ಲಿ ಎಳೆದು ಗೇರ್ ಬದಲಿಸುವ ಪ್ಯಾಡಲ್ ಮಾತ್ರ. ಇಂಥ ಹಳೇ ಕಾರಿಗೆ ಲಿವರ್ ಇರಲೇಬೇಕು, ದಯವಿಟ್ಟು ಒಂದು ಹಾಕಿಸಿ.

1983ರಲ್ಲಿ ಜರ್ಮನಿಯ ರೇಸ್ ಡ್ರೈವರ್ ಸ್ಟೆಫಾನ್ ಬೆಲ್ಲೊಫ್ ಈ ಕಾರಿನ ಅಣ್ಣ 956ರಲ್ಲಿ ಇದೇ ಟ್ರ್ಯಾಕಿನ 20.8 ಕಿಲೋಮೀಟರನ್ನು 6 ನಿಮಿಷ 11.13 ಸೆಕೆಂಡಿಗೆ ಮುಗಿಸಿದರು. ಆ ದಾಖಲೆ ಮುರಿದದ್ದು 2018ರಲ್ಲಿ, 35 ವರ್ಷದ ಮೇಲೆ. ನನ್ನ ಒಳ್ಳೆಯ ಲ್ಯಾಪ್ 8 ನಿಮಿಷ 20 ಸೆಕೆಂಡ್. ಮುಂದಿನ ಭಾನುವಾರಕ್ಕೆ ಮತ್ತೆ ಒಂದು ಗಂಟೆ ಬುಕ್ ಮಾಡಿದ್ದೇನೆ. ಕೂತ ಕೂಡಲೇ ಬೋಲ್ಟ್ ನೋಡಿಕೊಳ್ಳುತ್ತೇನೆ, ನೀವು ಹೋದರೂ ಟೈಮ್ ಶುರುವಾಗುವ ಮುಂಚೆ ನೋಡಿಕೊಳ್ಳಿ.