ಖಾಲಿ ಸೈಟಿನ ಫೋಟೋದಲ್ಲಿ ಮನೆ ಕೂರಿಸಲು ಗಿಂಪ್ 3.0 ಸಾಕೇ?

ಪ್ಲಾನ್ ಹಾಳೆ ಮುಂದಿಟ್ಟರೆ ಸುಮ್ಮನೆ ತಲೆಯಾಡಿಸುವ ಮನೆಯವರು, ಎಲಿವೇಶನ್ (ಮನೆಯ ಮುಂಭಾಗದ ನೋಟ) ವಿಷಯಕ್ಕೆ ಬಂದಾಗ ಮಾತ್ರ ‘ನಮ್ಮ ಸೈಟಲ್ಲಿ, ನಮ್ಮ ಬೀದೀಲಿ ಹೆಂಗ್ ಕಾಣತ್ತೆ ತೋರ್ಸಿ’ ಅನ್ನುತ್ತಾರೆ. ಸೈಟು ತುಮಕೂರಿನ ಎಸ್‌.ಎಸ್‌. ಪುರಂನಲ್ಲಿರಲಿ, ಬಟವಾಡಿಯಲ್ಲಿರಲಿ, ಕ್ಯಾತ್ಸಂದ್ರದಲ್ಲಿರಲಿ, ಬೇಡಿಕೆ ಇದೇ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ತೆಗೆದ ರೆಂಡರನ್ನು (ಮನೆಯ ಮಾದರಿಯ ಚಿತ್ರವನ್ನು) ಸೈಟಿನ ಫೋಟೋದಲ್ಲಿ ಕೂರಿಸುವ ಈ ಕೆಲಸಕ್ಕೆ, 2025ರ ಮಾರ್ಚ್‌ನಲ್ಲಿ ಬಂದ, ಫೋಟೋ ತಿದ್ದುವ ತಂತ್ರಾಂಶ ಗಿಂಪ್ 3.0 ಎಷ್ಟು ಒದಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಚಾರ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಉತ್ತರವನ್ನೂ ಮೊದಲೇ ಹೇಳಿಬಿಡಬಹುದು: ಸಾಕು, ಒಂದು ಕೊರತೆಯನ್ನು ಸಹಿಸಿಕೊಂಡರೆ. ಚಿತ್ರ ಕೆಡುವುದು ಬಹುಪಾಲು ಸಾಫ್ಟ್‌ವೇರ್‌ನಿಂದಲ್ಲ. ಫೋಟೋ ತೆಗೆದ ರೀತಿಯಿಂದ, ಬಿಸಿಲಿನ ಲೆಕ್ಕ ತಪ್ಪಿದ್ದರಿಂದ.

ಫೋಟೋವನ್ನೇ ನೋಡಿ. ಮನೆಯ ಮುಖ ಬರುವ ಜಾಗದಿಂದ 30 ಅಡಿ ದೂರ ನಿಂತು, ಕಣ್ಣಿನ ಮಟ್ಟ 5 ಅಡಿ ಎಂದಿಟ್ಟುಕೊಂಡು, 26 ಎಂ.ಎಂ. ಸಮಾನ ಲೆನ್ಸಿನ (35 ಎಂ.ಎಂ. ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಅಳತೆ) ಫೋನನ್ನು ಅಡ್ಡಡ್ಡ ನೆಟ್ಟಗೆ ಹಿಡಿದರೆ ಚೌಕಟ್ಟಿಗೆ ಸಿಗುವ ಎತ್ತರ 20 ಅಡಿ ಮಾತ್ರ. ಎರಡು ಅಂತಸ್ತು, ಮೇಲೊಂದು ಪ್ಯಾರಪೆಟ್ ಸೇರಿದರೆ ಅಷ್ಟರಲ್ಲಿ ಹಿಡಿಯುವುದಿಲ್ಲ. ಆಗ ಫೋನನ್ನು ಮೇಲಕ್ಕೆ ವಾಲಿಸುತ್ತಾರೆ. ಅಕ್ಕಪಕ್ಕದ ಮನೆಗಳೆಲ್ಲ ಒಳಕ್ಕೆ ಬಾಗುತ್ತವೆ, ರೆಂಡರ್ ಮಾತ್ರ ದಂಡನಾಯಕನ ಹಾಗೆ ನೆಟ್ಟಗೆ ನಿಂತಿರುತ್ತದೆ. ಫೋನನ್ನು ಉದ್ದಕ್ಕೆ ಹಿಡಿದರೆ ಅದೇ ಜಾಗದಿಂದ 25 ಅಡಿ ಸಿಗುತ್ತದೆ. ಎದುರು ಮನೆಯವರನ್ನು ಕೇಳಿಕೊಂಡು ಮೊದಲ ಮಹಡಿಯ ಬಾಲ್ಕನಿಯಿಂದ ತೆಗೆದರೆ ಇನ್ನೂ ಒಳ್ಳೆಯದು. 0.5 ಎಕ್ಸ್ ಲೆನ್ಸ್ ಬೇಡ, ಅಂಚಿನಲ್ಲಿರುವುದನ್ನೆಲ್ಲ ಎಳೆದು ಅಗಲ ಮಾಡುತ್ತದೆ.

ಸೈಟಿನ ಮುಂಮೂಲೆಯಲ್ಲಿ 10 ಅಡಿಯ ಪಿವಿಸಿ ಪೈಪ್ ನಿಲ್ಲಿಸಿ, ಅಡಿಗೊಂದು ಕೆಂಪು ಟೇಪ್ ಸುತ್ತಿ ಒಂದು ಫೋಟೋ ತೆಗೆಯಬೇಕು. ಕದಲದೆ, ಪೈಪ್ ತೆಗೆಸಿ ಇನ್ನೊಂದು. ಮೊದಲನೆಯದು ಅಳತೆಗೆ, ಎರಡನೆಯದು ಕೆಲಸಕ್ಕೆ. ಕ್ಯಾಮೆರಾ ಕೋನ ಹುಡುಕಲು ಎಫ್‌ಸ್ಪೈ ಎಂಬ ಉಚಿತ ತಂತ್ರಾಂಶವಿದೆ. ಪಕ್ಕದ ಸೈಜುಗಲ್ಲಿನ ಕಾಂಪೌಂಡಿನ ಸಾಲು, ಚರಂಡಿಯ ಅಂಚು, ಎದುರಾಬದುರು ಸಜ್ಜೆಗಳು ಅದಕ್ಕೆ ಬೇಕಾದ ಗೆರೆಗಳನ್ನು ಕೊಡುತ್ತವೆ. ಕೈಯಿಂದಲೇ ಹೊಂದಿಸುವವರಿಗೆ ಒಂದು ಮಾತು: ಫೋಟೋದ ಮಾಹಿತಿಯಲ್ಲಿ 26 ಎಂ.ಎಂ. ಎಂದಿದ್ದರೆ ಆ ಲೆಕ್ಕ ಸಾಮಾನ್ಯವಾಗಿ ಕರ್ಣದ ಮೇಲೆ. ಆದ್ದರಿಂದ 4:3 ಫೋಟೋಗೆ ಬ್ಲೆಂಡರ್‌ನಲ್ಲಿ ಸೆನ್ಸರ್ ಅಗಲ 36 ಇರುವುದನ್ನು 34.6 ಮಾಡಬೇಕು. ಕೋನ ಹೊಂದಿಸುವ ಮೊದಲು ಫೋಟೋ ಕ್ರಾಪ್ ಮಾಡಿದರೆ ನಡುಬಿಂದು ಜರುಗಿ ಎಲ್ಲವೂ ದಿಕ್ಕೆಡುತ್ತದೆ.

ಇನ್ನು ಬಿಸಿಲು. ತುಮಕೂರು ಇರುವುದು ಸುಮಾರು 13.34 ಡಿಗ್ರಿ ಉತ್ತರ, 77.1 ಡಿಗ್ರಿ ಪೂರ್ವದಲ್ಲಿ. ಭಾರತೀಯ ಸಮಯ 82.5 ಡಿಗ್ರಿಯದ್ದಾದ್ದರಿಂದ ಇಲ್ಲಿ ನಡುನೆತ್ತಿಯ ಸಮಯ 12 ಗಂಟೆಯಲ್ಲ, ಸರಾಸರಿ 12.20 ದಾಟಿದ ಮೇಲೆ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. 10 ಅಡಿಯ ಗೋಡೆಗೆ ಉತ್ತರದ ಕಡೆ ಏಳೂವರೆ ಅಡಿ ನೆರಳು. ಜೂನ್ 21ಕ್ಕೆ ಅವನೇ ಉತ್ತರಕ್ಕೆ ಹೋಗಿ 80 ಡಿಗ್ರಿಯಲ್ಲಿ ನಿಂತಿರುತ್ತಾನೆ. ಅದೇ ಗೋಡೆಗೆ ದಕ್ಷಿಣದ ಕಡೆ ಎರಡಡಿಗೂ ಕಡಿಮೆ ನೆರಳು. ಉತ್ತರ ಬಾಗಿಲಿನ ಮನೆಯ ರೆಂಡರ್ ಎಡವುವುದು ಇಲ್ಲೇ. ಡಿಸೆಂಬರ್‌ನಲ್ಲಿ ತೆಗೆದ ಫೋಟೋದಲ್ಲಿ ಅಕ್ಕಪಕ್ಕದ ಮನೆಗಳ ಮುಖವೆಲ್ಲ ನೆರಳಲ್ಲಿದ್ದರೆ, ನಡುವಿನ ಹೊಸ ಮನೆ ಮಾತ್ರ ಬಿಸಿಲು ಕಾಯುತ್ತಿರುತ್ತದೆ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ‘ಏನೋ ಅಂಟಿಸಿದಂಗಿದೆ’ ಅನ್ನುತ್ತಾರೆ. ಬ್ಲೆಂಡರ್‌ನ ಸನ್ ಪೊಸಿಶನ್ ಆಡ್‌ಆನ್‌ಗೆ ಊರಿನ ಅಕ್ಷಾಂಶ, ರೇಖಾಂಶ, ಸಮಯ ವಲಯ 5.5, ಫೋಟೋದ ದಿನಾಂಕ ಮತ್ತು ಗಂಟೆ ಕೊಟ್ಟು, ಉತ್ತರ ದಿಕ್ಕನ್ನು ಸರಿಯಾಗಿ ತಿರುಗಿಸಿದರೆ ಊಹೆ ಮಾಡುವ ಗೋಜೇ ಇಲ್ಲ.

ರೆಂಡರ್ ಎರಡು ಬೇಕು, ಎರಡೂ 16 ಬಿಟ್ ಪಿಎನ್‌ಜಿ, ಹಿನ್ನೆಲೆಯನ್ನು ಪಾರದರ್ಶಕವಾಗಿಸುವ ಫಿಲ್ಮ್ ಟ್ರಾನ್ಸ್‌ಪರೆಂಟ್ ಆನ್ ಮಾಡಿ. ಒಂದರಲ್ಲಿ ಮನೆ ಮಾತ್ರ. ಇನ್ನೊಂದರಲ್ಲಿ ಮನೆಯನ್ನು ಕ್ಯಾಮೆರಾಕ್ಕೆ ಕಾಣದಂತೆ ಮಾಡಿ, ಶ್ಯಾಡೋ ಕ್ಯಾಚರ್ (ನೆರಳನ್ನಷ್ಟೇ ಹಿಡಿಯುವ) ನೆಲದ ಮೇಲೆ ಬಿದ್ದ ನೆರಳು ಮಾತ್ರ. ಗಿಂಪ್‌ನ ಒಂದು ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ನಾರ್ಮಲ್ ಮೋಡ್ ಬೆಳಕನ್ನು ಲೀನಿಯರ್ (ನಿಜವಾದ ಬೆಳಕಿನ ಪ್ರಮಾಣದ) ಲೆಕ್ಕದಲ್ಲಿ ಬೆರೆಸುತ್ತದೆ, ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ನೆರಳು ಲೆಕ್ಕ ಹಾಕುವ ಹಾಗೆಯೇ. 0ಯಿಂದ 255ರ ಅಳತೆಯಲ್ಲಿ 200 ಬೆಲೆಯ ಬೂದು ರಸ್ತೆಯ ಮೇಲೆ ಅರ್ಧ ಪಾರದರ್ಶಕ ಕಪ್ಪು ನೆರಳು ಬಿದ್ದರೆ ಗಿಂಪ್‌ನಲ್ಲಿ ಅದು 146ರ ಆಸುಪಾಸು ಬರುತ್ತದೆ. ಅದೇ ಕಡತ ಫೋಟೋಶಾಪ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ 100ಕ್ಕೆ ಇಳಿಯುತ್ತದೆ. ಫೋಟೋಶಾಪ್‌ನವರು ನೆರಳು ಕಪ್ಪಾಯಿತೆಂದು ಒಪ್ಯಾಸಿಟಿ (ಗಾಢತೆ) ಇಳಿಸುತ್ತ ಕೂರುವುದು ಈ ಕಾರಣಕ್ಕೆ. ಕಲರ್ ಸೆಟ್ಟಿಂಗ್ಸ್‌ನಲ್ಲಿ ಗಾಮಾ 1.00 ಆಯ್ಕೆ ಮಾಡಿದರೆ ಅಲ್ಲೂ ಸರಿಹೋಗುತ್ತದೆ.

ಗಿಂಪ್ ನಿಜಕ್ಕೂ ಮೇಲುಗೈ ಸಾಧಿಸುವುದು ತೆಂಗಿನ ಗರಿಯಲ್ಲಿ. ಸೈಟಿನ ಮುಂದೆ ಮರವಿದ್ದರೆ ಮನೆ ಅದರ ಹಿಂದೆ ಹೋಗಬೇಕು, ಒಂದೊಂದು ಗರಿಯನ್ನೂ ಕೈಯಲ್ಲಿ ಕತ್ತರಿಸುವುದು ಆಗದ ಮಾತು. ಫೋಟೋ ಲೇಯರಿನ (ಪದರದ) ನಕಲನ್ನು ರೆಂಡರಿನ ಮೇಲಿಟ್ಟು, ಮರದ ಭಾಗ ಮಾತ್ರ ಉಳಿಸಿ, ಆರಿಸಿದ ಬಣ್ಣವನ್ನು ಪಾರದರ್ಶಕವಾಗಿಸುವ ಕಲರ್ ಟು ಆಲ್ಫಾ ಫಿಲ್ಟರಿನಲ್ಲಿ ಆಕಾಶದ ಬಣ್ಣವನ್ನು ಆರಿಸಬೇಕು. ಟ್ರಾನ್ಸ್‌ಪರೆನ್ಸಿ ತ್ರೆಶೋಲ್ಡ್ 0.1ರ ಸುತ್ತ, ಒಪ್ಯಾಸಿಟಿ ತ್ರೆಶೋಲ್ಡ್ 0.4ರಿಂದ ಶುರುಮಾಡಿ. ಆಕಾಶ ಮಾಯವಾಗುವುದಷ್ಟೇ ಅಲ್ಲ, ಗರಿಯಂಚಿಗೆ ಅಂಟಿಕೊಂಡ ಬಿಳಿಯೂ ಹೋಗುತ್ತದೆ. ಒಪ್ಯಾಸಿಟಿ ತ್ರೆಶೋಲ್ಡ್ 1ರಲ್ಲೇ ಬಿಟ್ಟರೆ ಎಲೆಯೊಳಗಿಂದ ಗೋಡೆ ಇಣುಕುತ್ತದೆ. 3.0ರಲ್ಲಿ ಫಿಲ್ಟರ್ ಲೇಯರಿಗೆ ಅಂಟಿಕೊಂಡೇ ಇರುತ್ತದೆ, ನಾಳೆ ತೆರೆದು ಅಂಕಿ ಬದಲಿಸಬಹುದು. ಮರದ ಹಿಂದೆ ಆಕಾಶದ ಬದಲು ಇನ್ನೊಂದು ಮನೆಯಿದ್ದರೆ ಈ ಉಪಾಯ ನಡೆಯದು, ಬೇಡದ ಭಾಗ ಮರೆಮಾಡುವ ಮಾಸ್ಕ್ ಬರೆಯಲೇಬೇಕು. ಕರೆಂಟ್ ತಂತಿಗಳನ್ನಂತೂ ಉಳಿಸಲು ಹೆಣಗಬೇಡಿ. ಪಾತ್ (ಗೆರೆಯ ಜಾಡು) ಎಳೆದು 2 ಪಿಕ್ಸೆಲ್ ಸ್ಟ್ರೋಕ್ ಕೊಟ್ಟರೆ ಮುಗಿಯಿತು.

ಬಣ್ಣ ಹೊಂದಿಸುವಾಗ ಕಣ್ಣನ್ನು ನಂಬದೆ ಕಲರ್ ಪಿಕ್ಕರ್ ನಂಬಿ. ಪಕ್ಕದ ಮನೆಯ ಸಜ್ಜೆಯಡಿಯ ಅತಿ ಕಪ್ಪು ಜಾಗ 28, 32, 40 ತೋರಿಸುತ್ತಿದ್ದು ರೆಂಡರಿನ ಕಪ್ಪು 5ರಲ್ಲಿದ್ದರೆ, ಲೆವೆಲ್ಸ್‌ನ ಔಟ್‌ಪುಟ್ ಕೆಳತುದಿಯನ್ನು ಕೆಂಪು, ಹಸಿರು, ನೀಲಿಗೆ ಬೇರೆ ಬೇರೆಯಾಗಿ ಅಷ್ಟಷ್ಟಕ್ಕೆ ಏರಿಸಬೇಕು. ರೆಂಡರಿನ ಅಂಚು ಬ್ಲೇಡಿನಂತಿರುತ್ತದೆ, 0.5ರಿಂದ 0.8 ಪಿಕ್ಸೆಲ್ ಗಾಸಿಯನ್ ಬ್ಲರ್, ಮೇಲೆ ತುಸು ಆರ್‌ಜಿಬಿ ನಾಯ್ಸ್. ಗೋಡೆ ನೆಲಕ್ಕೆ ತಾಗುವ ಗೆರೆ ರೂಲರ್ ಇಟ್ಟಂತಿದ್ದರೆ ಉಳಿದೆಲ್ಲ ದಂಡ: ಅಲ್ಲಿ 3ರಿಂದ 6 ಪಿಕ್ಸೆಲ್ ಮೃದು ಕಪ್ಪು, ಅದರ ಮೇಲೆ ಕ್ಲೋನ್ ಟೂಲ್‌ನಿಂದ ಅದೇ ಸೈಟಿನ ಹುಲ್ಲು, ಕೆಮ್ಮಣ್ಣು. ಗೇಟಿನ ಪಕ್ಕದ ಹೆಸರಿನ ಫಲಕಕ್ಕೆ ಕನ್ನಡ ಬರೆಯಬೇಕಾದರೆ ಗಿಂಪ್‌ನಲ್ಲಿ ಯುನಿಕೋಡ್ ಫಾಂಟ್ ಆರಿಸಿದರೆ ಸಾಕು, ಒತ್ತಕ್ಷರ ಒಡೆಯುವುದಿಲ್ಲ.

ಕೊರತೆ ಅಂದೆನಲ್ಲ, ಅದು ತಿದ್ದುಪಡಿಯ ದಿನ ಎದುರಾಗುತ್ತದೆ. ‘ಮೇಲಿನ ಬಾಲ್ಕನಿಗೆ ಗಾಜು ಬೇಡ, ಕಂಬಿ ಹಾಕಿ’ ಎಂದು ಫೋನ್ ಬಂದಾಗ ಫೋಟೋಶಾಪ್‌ನಲ್ಲಿ ಸ್ಮಾರ್ಟ್ ಆಬ್ಜೆಕ್ಟ್ (ತಿದ್ದುಪಡಿಗಳೆಲ್ಲ ಹಾಗೇ ಉಳಿದು ಒಳಗಿನ ಚಿತ್ರ ಮಾತ್ರ ಬದಲಾಗುವ ಲೇಯರ್) ಬದಲಿಸಿ ಎದ್ದುಹೋಗಬಹುದು. ಬ್ರೌಸರಿನಲ್ಲೇ ಓಡುವ ಫೋಟೋಪಿಯಾದಲ್ಲೂ ಆ ಸೌಕರ್ಯವಿದೆ, ಅದೂ ಉಚಿತ, ಜಾಹೀರಾತು ಸಹಿಸಬೇಕು ಅಷ್ಟೆ. ಗಿಂಪ್ 3.0ರಲ್ಲಿ ಸ್ಮಾರ್ಟ್ ಆಬ್ಜೆಕ್ಟ್ ಇಲ್ಲ, ಬಣ್ಣ, ಬೆಳಕು ತಿದ್ದುವ ಬೇರೆಯಾದ ಅಡ್ಜಸ್ಟ್‌ಮೆಂಟ್ ಲೇಯರೂ ಇಲ್ಲ. ವಾರಕ್ಕೆ ನಾಲ್ಕು ಮನೆ ಮಾಡುವ ಆಫೀಸಿಗೆ ಇದು ತಲೆನೋವೇ. ತಿಂಗಳಿಗೊಂದೆರಡು ಮಾಡುವವರು ಹೀಗೆ ಸುಧಾರಿಸಿಕೊಳ್ಳಬಹುದು: ಮನೆಯ ರೆಂಡರನ್ನು ಮೊದಲಿನಿಂದಲೇ ಒಂದು ಲೇಯರ್ ಗ್ರೂಪಿನೊಳಗಿಟ್ಟು, ಲೆವೆಲ್ಸ್, ಬ್ಲರ್, ಮಾಸ್ಕ್ ಎಲ್ಲವನ್ನೂ ಗ್ರೂಪಿಗೇ ಹಾಕಿ. ಹೊಸ ರೆಂಡರನ್ನು ಅದೇ ಪಿಕ್ಸೆಲ್ ಅಳತೆಯಲ್ಲಿ ತೆಗೆದು, ‘ಓಪನ್ ಆ್ಯಸ್ ಲೇಯರ್ಸ್’ ಮೂಲಕ ತಂದು ಗ್ರೂಪಿನೊಳಕ್ಕೆ ಎಳೆದು, ಹಳೆಯದನ್ನು ಅಳಿಸಿದರೆ ಆಯಿತು.