ಹಳೆ ಮನೆಯ ತೊಲೆ ಮುಚ್ಚಿಸುವ ಮೊದಲು ನಮ್ಮ ಕಥೆ ಕೇಳಿ

ಹಳೆ ಹೆಂಚಿನ ಮನೆ ರಿಪೇರಿ ಮಾಡಿಸುತ್ತಿದ್ದೀರಾ? ಮೇಲಿನ ತೊಲೆ, ಪಕ್ಕಾಸು (ಹೆಂಚು ಹೊರುವ ಓರೆ ಮರ) ಎಲ್ಲಾ ಕಾಣದ ಹಾಗೆ ಫಾಲ್ಸ್ ಸೀಲಿಂಗ್ ಹಾಕಿಸೋಣ ಅಂತ ಇದ್ದೀರಾ? ಹಾಗಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನಮ್ಮ ಅಮ್ಮ ಮಲಗುವ ಕೋಣೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ತೋಟದ ಒಳಗೆ. ತಾತ ಕಟ್ಟಿಸಿದ್ದು. ದಪ್ಪ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಸಿನ ಮರದ ತೊಲೆಗಳು. ಒಂದೊಂದು ತೊಲೆ ಮೇಲಿಂದ ಕೆಳಕ್ಕೆ ಎಂಟು ಇಂಚು ಆಳ. ಒಲೆಯ ಹೊಗೆ ಹಿಡಿದು ಹಿಡಿದು ಕಪ್ಪಗಾಗಿದ್ದವು. ನಾಲ್ಕು ವರ್ಷದ ಹಿಂದೆ ಕಾಫಿ ಕೊಯ್ಲು ಮುಗಿದ ಮೇಲೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದಾಗ, ಮನೆ ಸರಿ ಮಾಡಿಸೋಣ ಅಂತ ಹೊರಟೆವು. ಬೆಂಗಳೂರಿನಿಂದ ಬರುವ ತಂಗಿಗೆ ಮೇಲಿಂದ ಧೂಳು ಬೀಳುತ್ತೆ ಅಂತ ಬೇಜಾರು, ನನಗೆ ಕೋಣೆ ಕತ್ತಲೆ ಅಂತ ಬೇಜಾರು. ಕಂಟ್ರಾಕ್ಟರ್ ಬಂದು ನೋಡಿ, ಈ ಕಪ್ಪು ಮರ ಎಲ್ಲಾ ಮುಚ್ಚಿ ಬಿಳಿ ಜಿಪ್ಸಂ ಬೋರ್ಡ್ ಹಾಕಿ ಲೈಟ್ ಕೊಟ್ಟರೆ ಹೊಸ ಮನೆ ಆಗುತ್ತೆ ಅಂದರು. ಅಮ್ಮ ಒಂದೇ ಪ್ರಶ್ನೆ ಕೇಳಿದರು: "ಸೋರಿದರೆ ಹೇಗೆ ಗೊತ್ತಾಗುತ್ತೆ?" ಅದಕ್ಕೆ ಅವರು "ಸೋರೋದೇ ಇಲ್ಲ ಅಮ್ಮಾ, ಹೆಂಚೆಲ್ಲಾ ಬದಲಾಯಿಸ್ತೀವಲ್ಲ" ಅಂದರು. ನಾವೂ ಸುಮ್ನೆ ತಲೆಯಾಡಿಸಿದೆವು. ಆ ಪ್ರಶ್ನೆಯನ್ನು ಅವತ್ತೇ ಗಟ್ಟಿಯಾಗಿ ಹಿಡಿಯಬೇಕಿತ್ತು.

ಆ ಕೆಲಸದಲ್ಲಿ ಮೂರು ತಪ್ಪುಗಳಾದವು. ಮೂರೂ ಬೋರ್ಡಿನ ಹಿಂದೆ ಹೋದವು, ಹಾಗಾಗಿ ಮೂರೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮೊದಲನೆಯದು ತೊಲೆಯ ತುದಿ. ಹಳೆ ಗೋಡೆಯಲ್ಲಿ ತೊಲೆ ಕೂರುವ ಕಡೆ ಸುತ್ತ ಒಂದು ಬೆರಳಿನಷ್ಟು ಸಂದು ಇತ್ತು. ಇಲಿ ಬರುತ್ತೆ, ಬಾವಲಿ ಬರುತ್ತೆ ಅಂತ ಅದನ್ನು ಸಿಮೆಂಟ್ ಹಾಕಿ ಗಟ್ಟಿಯಾಗಿ ಮುಚ್ಚಿದರು, ಗೋಡೆಗೂ ಸಿಮೆಂಟ್ ಪ್ಲಾಸ್ಟರ್ ಹೊಡೆದರು. ನೋಡೋಕೆ ಚೆನ್ನಾಗಿತ್ತು. ಆದರೆ ಮಣ್ಣಿನ ಗೋಡೆ ತೇವ ಎಳೆದುಕೊಳ್ಳುತ್ತೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತೆ. ಹಳೆ ಕಾಲದ ಮಣ್ಣು, ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತಿತ್ತು. ಸಿಮೆಂಟ್ ಆ ದಾರಿ ಕಟ್ಟಿಬಿಡುತ್ತೆ, ಆಮೇಲೆ ಆ ತೇವವೆಲ್ಲಾ ಗೋಡೆಯೊಳಗೆ ಹುಗಿದಿರುವ ಮರದ ತುದಿಗೇ ಸೇರುತ್ತೆ. ಮರದ ನಡುಭಾಗ ಎಷ್ಟು ಗಟ್ಟಿ ಇದ್ದರೂ ತುದಿ ಮೊದಲು ಹೋಗೋದು ಇದಕ್ಕೇ. ಮರದಲ್ಲಿ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಸ್ಟು ಬೆಳೆಯೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಲ್ಲಿ, ಗಾಳಿ ಇಲ್ಲದ ಗೂಡಿನೊಳಗೆ ಮರ ಹೇಗೆ ಒಣಗಬೇಕು ಹೇಳಿ?

ಎರಡನೆಯದು ವೈರಿಂಗ್. ಸೀಲಿಂಗ್ ಲೈಟಿಗೆ ಪೈಪ್ ಎಳೆಯಲು ತೊಲೆಯ ಕೆಳಗಿನಿಂದ ಎರಡು ಇಂಚು ಆಳಕ್ಕೆ ಕೊರೆದಿದ್ದರು, ಅದೂ ನಡುಮಧ್ಯದಲ್ಲಿ. ಭಾರ ಬಿದ್ದಾಗ ತೊಲೆ ಬಾಗುತ್ತೆ, ಬಾಗುವಾಗ ಕೆಳಗಿನ ಭಾಗಕ್ಕೆ ಎಳೆತ ಬೀಳುತ್ತೆ, ನಡುಮಧ್ಯದಲ್ಲೇ ಅದು ಜಾಸ್ತಿ. ಕೊರೆಯಲೇಬಾರದ ಜಾಗ ಅಂದರೆ ಅದೇ. ಎಂಟರಲ್ಲಿ ಎರಡು ಇಂಚು ಹೋದರೆ ಕಾಲು ಭಾಗ ತಾನೇ ಅಂತ ಅನಿಸುತ್ತೆ. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಆಳದ ವರ್ಗದ (ಆಳ × ಆಳ) ಲೆಕ್ಕದಲ್ಲಿ ಇಳಿಯುತ್ತೆ. ಆರು ಇಂಚು ಉಳಿದ ಕಡೆ ಮೊದಲಿನ ಶಕ್ತಿಯಲ್ಲಿ ನೂರಕ್ಕೆ 56ರಷ್ಟೇ ಉಳಿಯೋದು. ಈ ಲೆಕ್ಕ ನನಗೆ ಆಮೇಲೆ ಒಬ್ಬ ಇಂಜಿನಿಯರ್ ಕಾಗದದ ಮೇಲೆ ಬರೆದು ತೋರಿಸಿದ್ದು. ತೊಲೆ ಬರಿಗಣ್ಣಿಗೆ ಕಾಣುವ ಹಾಗಿದ್ದಿದ್ದರೆ ಆ ಕೊರೆತ ಯಾರೂ ಮಾಡುತ್ತಿರಲಿಲ್ಲ, ಮಾಡಿದ್ದರೂ ಅದೇ ದಿನ ಜಗಳ ಆಗುತ್ತಿತ್ತು.

ಮೂರನೆಯದು, ಮೇಲೆ ಹೋಗಿ ನೋಡಲು ಒಂದು ಕಿಂಡಿ ಕೂಡ ಬಿಡಲಿಲ್ಲ. ಮೊದಲೆಲ್ಲಾ ಒಂದು ಹೆಂಚು ಒಡೆದರೆ ನೀರು ಟಪ್ ಅಂತ ಕೆಳಗೆ ಬೀಳುತ್ತಿತ್ತು. ಬಕೆಟ್ ಇಟ್ಟು, ಮಳೆ ಬಿಟ್ಟಾಗ ಮೇಲೆ ಹತ್ತಿ ಹೆಂಚು ಬದಲಾಯಿಸಿದರೆ ಮುಗಿಯಿತು. ಬೋರ್ಡ್ ಹಾಕಿದ ಮೇಲೆ ನೀರು ಪಕ್ಕಾಸಿನ ಮೇಲೇ ಹರಿದು ಗೋಡೆಯ ತಲೆಗೆ ಹೋಗುತ್ತೆ, ನಮಗೆ ಒಂದು ಹನಿಯೂ ಕಾಣೋದಿಲ್ಲ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಬಂದವರೆಲ್ಲಾ ಮನೆ ಬೆಳ್ಳಗಾಗಿದೆ ಅಂತ ಹೊಗಳಿದರು. ಎರಡನೇ ಮಳೆಗಾಲಕ್ಕೆ ಅಮ್ಮನ ಕೋಣೆಯಲ್ಲಿ ಒಂಥರಾ ವಾಸನೆ, ಅಣಬೆ ಎದ್ದ ಜಾಗದ ಹಾಗೆ. ಬೀರುವಿನ ಬಟ್ಟೆ ಇರಬೇಕು ಅಂತ ಬಟ್ಟೆ ತೆಗೆದು ಬಿಸಿಲಿಗೆ ಹಾಕಿದೆವು. ಆಮೇಲೆ ಗೋಡೆಯ ಮೂಲೆಯಲ್ಲಿ ಒಂದು ಸಣ್ಣ ಬಿರುಕು, ಅದಕ್ಕೆ ಪುಟ್ಟಿ ಹಚ್ಚಿ ಪೇಂಟ್ ಹೊಡೆಸಿದೆವು. ಬಾಗಿಲು ಹಿಡಿದುಕೊಳ್ಳತೊಡಗಿತು, ಮಳೆಗೆ ಮರ ಉಬ್ಬಿದೆ ಅಂದುಕೊಂಡು ಅಂಚು ಹೆರೆಸಿದೆವು. ನಿಮ್ಮ ಮನೆಯಲ್ಲೂ ವಾಸನೆ, ಬಿರುಕು, ಹಿಡಿಯುವ ಬಾಗಿಲು ಈ ಮೂರೂ ಒಂದೇ ಮೂಲೆಯಲ್ಲಿ ಕಾಣಿಸಿದರೆ ದಯವಿಟ್ಟು ಪುಟ್ಟಿ ಹಚ್ಚಬೇಡಿ, ಸೀಲಿಂಗ್ ಬಿಚ್ಚಿಸಿ.

ಮೂರನೇ ಮಳೆಗಾಲ. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನಕ್ಕೆ, ಎರಡು ದಿನ ಇತ್ತು, ಅಮ್ಮ ಪಾಯಸಕ್ಕೆ ಮದ್ದುಸೊಪ್ಪು ಎಲ್ಲಿದೆ ಅಂತ ನೋಡಿಟ್ಟಿದ್ದರು. ಮೂರು ದಿನದಿಂದ ಮಳೆ ಬಿಟ್ಟೇ ಇರಲಿಲ್ಲ, ಕರೆಂಟೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ದೊಡ್ಡ ಶಬ್ದ. ಓಡಿ ಹೋಗಿ ಟಾರ್ಚ್ ಹಾಕಿದರೆ ಮಂಚದ ಕಾಲ ಕಡೆ ಅರ್ಧಕ್ಕೆ ಜಿಪ್ಸಂ ಬೋರ್ಡ್ ಕೆಸರಿನ ಹಾಗೆ ಬಿದ್ದಿತ್ತು, ಅದರ ಜೊತೆ ಕಬ್ಬಿಣದ ಪಟ್ಟಿಗಳು, ಕೊಳೆತ ಮರದ ಪುಡಿ. ಅಮ್ಮ ತಲೆ ಕಡೆ ಗೋಡೆಗೆ ಒರಗಿ ಕೂತಿದ್ದರು. ಕೆಮ್ಮು ಬಂತು ಅಂತ ಎದ್ದು ಕೂತಿದ್ದರಂತೆ. ಕಾಲು ಚಾಚಿ ಮಲಗಿದ್ದಿದ್ದರೆ ಅಂತ ಈಗಲೂ ನನಗೆ ಯೋಚನೆ ಬರುತ್ತೆ, ನಿದ್ದೆ ಹೋಗುತ್ತೆ.

ಬೆಳಿಗ್ಗೆ ಹಳೆ ಆಚಾರಿಯನ್ನು ಕರೆಸಿದೆವು. ಅವರು ಏಣಿ ಹತ್ತಿ ಸ್ಕ್ರೂ ಡ್ರೈವರ್ ತೊಲೆಯ ತುದಿಗೆ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಮರ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಸೀಳಿತ್ತು, ಬೆರಳಲ್ಲಿ ತಿಕ್ಕಿದರೆ ಪುಡಿ. ಆ ತುದಿ ಒಂದೂವರೆ ಇಂಚು ಕೆಳಗೆ ಕೂತಿತ್ತು. ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಗೋಡೆಯ ಒಳಗಿಂದಲೇ ಬಂದಿತ್ತು. ಎರಡು ಮಾರು ದೂರದಲ್ಲಿ ಅದೇ ತೊಲೆಗೆ ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಅಂತ ಗಟ್ಟಿ ಶಬ್ದ. ಹಲಸಿನ ಚೇಗು, ಅಂದರೆ ಮರದ ಗಟ್ಟಿ ತಿರುಳು, ಅಷ್ಟು ಒಳ್ಳೆಯದು. ನಾವು ಅದಕ್ಕೆ ಗಾಳಿ ಕೊಡಲಿಲ್ಲ.

ರಿಪೇರಿಗೆ ಸೀಲಿಂಗ್ ಹಾಕಿಸಿದ್ದರ ಮೂರರಷ್ಟು ಖರ್ಚಾಯಿತು. ಜಾಕಿ ಕೊಟ್ಟು ಮೇಲಿನ ಭಾರ ಎತ್ತಿ ಹಿಡಿದು, ಎರಡೂವರೆ ಅಡಿ ಕೊಳೆತ ತುದಿ ಕತ್ತರಿಸಿ, ಒಣಗಿದ ಹೊಸ ಮರ ಜೋಡಿಸಿ ಎರಡೂ ಕಡೆ ಸ್ಟೀಲ್ ಪ್ಲೇಟ್ ಇಟ್ಟು ಬೋಲ್ಟ್ ಹಾಕಿದರು. ಕೊರೆದ ಜಾಗಕ್ಕೂ ಇಂಜಿನಿಯರ್ ಲೆಕ್ಕ ಹಾಕಿ ಪ್ಲೇಟ್ ಕೊಡಿಸಿದರು. ತೊಲೆ ಕೂರುವ ಕಡೆ ಮಣ್ಣಿನ ಬದಲು ಕಲ್ಲಿನ ಚಪ್ಪಡಿ ಇಟ್ಟು, ಸುತ್ತ ಮತ್ತೆ ಅದೇ ಬೆರಳಿನಷ್ಟು ಸಂದು ಬಿಟ್ಟೆವು. ಇಲಿಗೆ ಸಣ್ಣ ಕಣ್ಣಿನ ಜಾಲರಿ ಸಾಕು. ಗೆದ್ದಲು, ಬೂಸ್ಟು ಹಿಡಿಯದ ಹಾಗೆ ಮರಕ್ಕೆಲ್ಲಾ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರು ಬಳಿದು, ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿದೆವು. ಬೋರಾಕ್ಸ್ ನೀರಿಗೆ ಕರಗಿ ಹೋಗುತ್ತೆ, ಹಾಗಾಗಿ ಅದು ಮಳೆ ತಾಗದ ಒಳಗಿನ ಮರಕ್ಕೆ ಮಾತ್ರ.

ಹಾಗಂತ ತೊಲೆ ತೋರಿಸಿದರೆ ಎಲ್ಲಾ ಸರಿ ಅಂತಲೂ ತಿಳಿಯಬೇಡಿ. ವಿರಾಜಪೇಟೆ ಕಡೆಯ ನಮ್ಮ ನೆಂಟರು ತೊಲೆ ಚೆನ್ನಾಗಿ ಕಾಣಲಿ ಅಂತ ಒದ್ದೆ ಇರುವಾಗಲೇ ದಪ್ಪ ವಾರ್ನಿಷ್ ಹೊಡೆಸಿದರು. ತೇವ ಒಳಗೇ ಸಿಕ್ಕಿಕೊಂಡು ವಾರ್ನಿಷ್ ಗುಳ್ಳೆ ಎದ್ದು ಸುಲಿಯಿತು. ಹೊಸ ಮನೆಯವರು ಕಾಂಕ್ರೀಟ್ ಬೀಮ್ ಒರಟಾಗಿ ಕಾಣಲಿ ಅಂತ ಕೆತ್ತಿಸುವುದನ್ನೂ ನೋಡಿದ್ದೇನೆ. ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯೋದು ಅದರ ಮೇಲಿನ ಕಾಂಕ್ರೀಟ್ ಪದರ, ಅದು ಇರೋದೇ ಒಂದು ಇಂಚಿನ ಆಸುಪಾಸು. ಅದನ್ನು ಕೆತ್ತಿದರೆ ನಮ್ಮ ಮಳೆಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಆಮೇಲೆ ಉಳಿದ ಕಾಂಕ್ರೀಟನ್ನೂ ಒಡೆದು ಹಾಕುತ್ತೆ.

ಈಗ ನಮ್ಮ ನಡುಮನೆಯಲ್ಲಿ ತೊಲೆ ಪೂರ್ತಿ ತೆರೆದಿದೆ. ಕತ್ತಲೆ ಹೋಗಲು ನಾಲ್ಕು ಗಾಜಿನ ಹೆಂಚು ಹಾಕಿದ್ದೇವೆ. ಅದನ್ನು ಮೊದಲೇ ಮಾಡಿದ್ದರೆ ಆಗುತ್ತಿತ್ತು ಅಲ್ವಾ? ಅಮ್ಮನ ಕೋಣೆಯಲ್ಲಿ ಚಳಿ, ಧೂಳು ಅಂತ ತೊಲೆಗಳ ನಡುವೆ ಹಲಗೆ ಹೊಂದಿಸಿದ್ದೇವೆ. ತೊಲೆಯ ಕೆಳಭಾಗ ಕಾಣುತ್ತೆ, ಎರಡೂ ತುದಿಯ ಹತ್ತಿರದ ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ಎತ್ತಿದರೆ ಬರುತ್ತೆ. ಮುಚ್ಚಲೇಬೇಕು ಅನ್ನುವವರು ಇಷ್ಟನ್ನಾದರೂ ಪಟ್ಟು ಹಿಡಿದು ಮಾಡಿಸಿ: ಮುಚ್ಚುವ ಮೊದಲು ಪ್ರತಿ ತುದಿಯನ್ನೂ ಚುಚ್ಚಿ ನೋಡಿ ಫೋಟೋ ತೆಗೆದಿಡಿ, ಮನುಷ್ಯ ತೂರುವಷ್ಟು, ಅಂದರೆ ಎರಡಡಿ ಚೌಕದ ಕಿಂಡಿ ಬಿಡಿಸಿ, ಎದುರುಬದುರು ಗೋಡೆಗಳಲ್ಲಿ ಗಾಳಿಗೆ ಜಾಗ ಕೊಡಿಸಿ.

ನಾನು ವರ್ಷಕ್ಕೆ ಎರಡು ಸಲ ಹಲಗೆ ಎತ್ತಿ ಟಾರ್ಚ್ ಹಾಕುತ್ತೇನೆ. ಮೇ ಕೊನೆಯಲ್ಲಿ ಒಂದು ಸಲ, ಒಡೆದ ಹೆಂಚಿಗಾಗಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಇನ್ನೊಂದು ಸಲ, ಒದ್ದೆ ಕಲೆಗೆ ಮತ್ತು ಗೆದ್ದಲಿನ ಗೆರೆಗೆ. ಏಣಿ ಹಿಡಿಯೋದು ಅಮ್ಮ, ಕೆಳಗಿಂದಲೇ "ಆ ಮೂಲೆ ನೋಡಿದೆಯಾ?" ಅಂತ ಕೇಳುತ್ತಿರುತ್ತಾರೆ.