ಹಳೆಯ ಬಾಡಿಗೆ ಮನೆಯ ಕಿಟಕಿಗೆ ಫೋಮ್ ಟೇಪೋ, ರೋಪ್ ಕಾಕೋ, ಪ್ಲಾಸ್ಟಿಕ್ ಹಾಳೆಯೋ?

ಶಿಕಾಗೋದ ಹಳೆಯ ಅಪಾರ್ಟ್‌ಮೆಂಟುಗಳ ಮೇಲೆ-ಕೆಳಗೆ ಸರಿಯುವ ಮರದ ಕಿಟಕಿಗಳಲ್ಲಿ ತಣ್ಣನೆ ಗಾಳಿ ನುಗ್ಗುವುದು ಎರಡು ಚೌಕಟ್ಟು ಸೇರುವ ನಡುಪಟ್ಟಿಯಿಂದ, ಪಕ್ಕದ ಸಂದಿಗಳಿಂದ.

ಆಗಾಗ ತೆರೆಯುವ ಕಿಟಕಿಗೆ ಫೋಮ್ ಟೇಪ್, ಅಂದರೆ ಒಂದು ಬದಿಗೆ ಅಂಟು ಇರುವ ಸ್ಪಂಜಿನಂಥ ಪಟ್ಟಿ. ಅಂಟಿಸುವ ಜಾಗವನ್ನು ರಬ್ಬಿಂಗ್ ಆಲ್ಕೋಹಾಲಿನಿಂದ ಒರೆಸಿ, ಒಣಗಲು ಬಿಡಿ. ಕಿಟಕಿ ಮುಚ್ಚಿದಾಗ ಟೇಪ್ ಅರ್ಧದಷ್ಟು ಅದುಮಿಕೊಳ್ಳಬೇಕು. ದಪ್ಪ ಹೆಚ್ಚಾದರೆ ಚಿಲಕ ಕೂರುವುದಿಲ್ಲ, ಸಂದಿ ಮೊದಲಿಗಿಂತ ದೊಡ್ಡದಾಗುತ್ತದೆ.

ಚಳಿಗಾಲವಿಡೀ ಮುಚ್ಚಿಯೇ ಇಡುವುದಾದರೆ ರೋಪ್ ಕಾಕ್‌ಗೇ ನಮ್ಮ ಮತ. ಜೇಡಿಯಂಥ ಮೆತ್ತನೆ ಹುರಿ. ಬೆರಳಲ್ಲಿ ಒತ್ತಿದರೆ ಕೂರುತ್ತದೆ, ಬೇಸಿಗೆಗೆ ಮುನ್ನ ಎಳೆದರೆ ಬರುತ್ತದೆ. ಹಳೆಯ ಚೌಕಟ್ಟಿನ ಸಂದಿ ಒಂದೆಡೆ ಸಣ್ಣ, ಇನ್ನೊಂದೆಡೆ ದೊಡ್ಡ. ಅದಕ್ಕೆ ಹೊಂದುವುದು ಇದೇ.

ಗಾಜು ಒಂದೇ ಪದರದ್ದಾಗಿದ್ದರೆ, ಹೇರ್ ಡ್ರೈಯರ್ ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಹಾಳೆಯೂ ಬೇಕು. ಅದರ ಟೇಪ್ ಹಳೆ ಬಣ್ಣ ಕಿತ್ತು ಡೆಪಾಸಿಟ್‌ಗೆ ಕುತ್ತು ತರಬಹುದು, ಮೂಲೆಯಲ್ಲಿ ಮೊದಲು ಅಂಟಿಸಿ ನೋಡಿ. ಬೆಂಕಿ ಬಿದ್ದರೆ ಹೊರಬರಬೇಕಾದ ಕಿಟಕಿಗೆ ಮಾತ್ರ ಹುರಿಯೂ ಬೇಡ, ಹಾಳೆಯೂ ಬೇಡ.